ಕೆಡದ ಎಂಜಿನ್ ಯಾಕೆ ನಿಂತಿತು? ಸವಕಳಿ ಪಾಠಕ್ಕೊಂದು ಉದಾಹರಣೆ

ನಮ್ಮ ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ಶಿರಂಗಾಲದವರು ರೈಲು ಹತ್ತಬೇಕೆಂದರೆ ಹಾಸನದ ಕಡೆಗೋ ಮೈಸೂರಿನ ಕಡೆಗೋ ಹೋಗಬೇಕು. ಆದರೂ ನಾನು ಈ ಸಂಚಿಕೆಗೆ ಉಗಿ ಎಂಜಿನ್ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಒಂದು ಕಾರಣ ನಮ್ಮ ಅಕೌಂಟೆನ್ಸಿ ಪಾಠ, ಇನ್ನೊಂದು ಕಾರಣ ನಮ್ಮ ದಾದಾ, ಅಂದರೆ ಅಬ್ಬಾನ ತಂದೆ.

ಆಸ್ತಿಯ ಸವಕಳಿಗೆ ಕಾರಣಗಳನ್ನು ನಾವು ಓದಿದ್ದೇವೆ. ಬಳಸಿ ಸವೆಯುವುದು, ಕಾಲ ಕಳೆಯುವುದು, ಅಪಘಾತ, ಮತ್ತು ಹೊಸದು ಬಂದು ಹಳೆಯದು ಬಳಕೆ ತಪ್ಪುವುದು. ನಾಲ್ಕನೆಯದಕ್ಕೆ ಉದಾಹರಣೆ ಬರೆದು ತನ್ನಿ ಎಂದು ಮೇಡಂ ಹೇಳಿದ್ದರು. ನಾನು ಮನೆಯಲ್ಲಿ ಕೂತು ‘ಉಗಿ ಎಂಜಿನ್ ಹಳತಾಗಿ ಕೆಟ್ಟುಹೋದ ಕಾರಣ ಡೀಸೆಲ್ ಬಂತು’ ಎಂದು ಬರೆದು ಜೋರಾಗಿ ಓದಿದೆ. ಪಕ್ಕದಲ್ಲಿದ್ದ ದಾದಾಗೆ ಸಿಟ್ಟು ಬಂತು. “ಯಾರು ಹೇಳಿದ್ದು ಕೆಟ್ಟಿತ್ತು ಅಂತ? ನಾವು ಇಳಿದ ದಿನವೂ ಅದು ಓಡುತ್ತಿತ್ತು” ಎಂದರು.

ದಾದಾ ಮೀಟರ್ ಗೇಜ್ ಕಾಲದಲ್ಲಿ ಮೈಸೂರು–ಅರಸೀಕೆರೆ ದಾರಿಯಲ್ಲಿ ಫೈರ್‌ಮನ್ ಆಗಿದ್ದವರು. ನಾನು ಉತ್ತರವನ್ನು ಹೊಡೆದುಹಾಕಿ ಅವರನ್ನೇ ಕೇಳತೊಡಗಿದೆ.

ಎಂಜಿನ್ ಕೆಲಸ ಮಾಡುವ ಬಗೆ

ಒಲೆಯಲ್ಲಿ ಕಲ್ಲಿದ್ದಲು ಉರಿಯುತ್ತದೆ. ಅದರ ಬಿಸಿ ಹೊಗೆ ಕೊಳವೆಗಳ ಮೂಲಕ ಬಾಯ್ಲರ್ ಒಳಗೆ ಹಾದುಹೋಗುವಾಗ ಸುತ್ತಲಿನ ನೀರು ಕುದಿದು ಉಗಿಯಾಗುತ್ತದೆ. ಆ ಉಗಿ ಸಿಲಿಂಡರಿಗೆ ಹೋಗಿ ಪಿಸ್ಟನ್ ಅನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಳ್ಳುತ್ತದೆ. ಪಿಸ್ಟನ್‌ಗೆ ಸೇರಿದ ಕಬ್ಬಿಣದ ತೋಳು ಚಕ್ರವನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ರಭಸವಾಗಿ ಹೊರಬರುತ್ತದೆ, ಜೊತೆಗೆ ಒಲೆಗೆ ಗಾಳಿಯನ್ನೂ ಎಳೆಯುತ್ತದೆ. ನಾವು ಚಿಕ್ಕಂದಿನಲ್ಲಿ ಹೇಳುವ ‘ಚುಕುಬುಕು’ ಇದೇ ಸದ್ದು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ಬರುವಾಗ ಈ ಸದ್ದು ನಾಲ್ಕು ಸಲ ಕೇಳುತ್ತದೆ.

ಫೈರ್‌ಮನ್ ಅಂದರೆ ಕಲ್ಲಿದ್ದಲು ಎಸೆಯುವವನು ಅಷ್ಟೇ ಎಂದು ನಾನು ತಿಳಿದಿದ್ದೆ. ದಾದಾ ಹೇಳಿದ ಮೊದಲ ಪಾಠವೇ ಬೇರೆ: “ಪೈಲೆ ಪಾನಿ ದೇಖೋ.” ಮೊದಲು ನೀರು ನೋಡು. ಬಾಯ್ಲರಿನ ನೀರು ಗಾಜಿನ ಕೊಳವೆಯಲ್ಲಿ ಕಾಣುತ್ತದೆ. ನೀರು ಇಳಿದು ಒಲೆಯ ಮೇಲ್ಛಾವಣಿ ಬರಿದಾದರೆ ಬಾಯ್ಲರ್ ಸಿಡಿಯುವ ಅಪಾಯವಿದೆ. ಅದಕ್ಕಾಗಿಯೇ ಅಲ್ಲಿ ಸೀಸದ ಬಿರಟೆ ಇಡುತ್ತಿದ್ದರು. ನೀರು ಕಡಿಮೆಯಾದರೆ ಸೀಸ ಕರಗಿ, ಉಗಿ ಒಲೆಗೆ ನುಗ್ಗಿ ಎಚ್ಚರಿಕೆ ಕೊಡುತ್ತದೆ. ಏರು ಬರುವ ಮೊದಲೇ ಬೆಂಕಿ ಬಲಪಡಿಸಬೇಕು, ನಿಲ್ದಾಣ ಬರುವ ಮೊದಲೇ ತಗ್ಗಿಸಬೇಕು. ಯಾವ ತಿರುವು ಎಲ್ಲಿದೆ ಎಂಬುದು ಕತ್ತಲಲ್ಲೂ ಗೊತ್ತಿರಬೇಕು.

ಲೆಕ್ಕ ಏನು ಹೇಳುತ್ತದೆ?

ಮೊದಲನೆಯದು ಇಂಧನ. ಉಗಿ ಎಂಜಿನ್ನಿನಲ್ಲಿ ನೂರು ರೂಪಾಯಿಯ ಕಲ್ಲಿದ್ದಲು ಸುಟ್ಟರೆ ಸುಮಾರು ಏಳೆಂಟು ರೂಪಾಯಿಯಷ್ಟು ಶಕ್ತಿ ಮಾತ್ರ ಎಳೆಯುವ ಕೆಲಸಕ್ಕೆ ಸಿಗುತ್ತದೆ. ಡೀಸೆಲ್‌ನಲ್ಲಿ ಸುಮಾರು ಮೂವತ್ತು. ಮೇಲಾಗಿ ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ, ದೂರದಿಂದ ತರಬೇಕು. ಅದನ್ನು ತರುವ ವ್ಯಾಗನ್ನೂ ಖರ್ಚೇ.

ಎರಡನೆಯದು ಸಮಯ. ತಣ್ಣಗಿರುವ ಉಗಿ ಎಂಜಿನ್ ಹೊರಡಲು ಗಂಟೆಗಟ್ಟಲೆ ಬೆಂಕಿ ಹಾಕಬೇಕು. ದಾರಿಯಲ್ಲಿ ನೀರು ತುಂಬಬೇಕು, ಬೂದಿ ತೆಗೆಯಬೇಕು, ತಿರುಗುಮಣೆಯ ಮೇಲೆ ನಿಲ್ಲಿಸಿ ಮುಖ ತಿರುಗಿಸಬೇಕು. ಡೀಸೆಲ್ ಎಂಜಿನ್ ಬೇಗ ಶುರುವಾಗುತ್ತದೆ, ಎರಡೂ ದಿಕ್ಕಿಗೆ ಓಡುತ್ತದೆ.

ಮೂರನೆಯದು ಕೂಲಿ. ಉಗಿ ಎಂಜಿನ್ನಿನಲ್ಲಿ ಡ್ರೈವರ್ ಜೊತೆಗೆ ಸಾಮಾನ್ಯವಾಗಿ ಇಬ್ಬರು ಫೈರ್‌ಮನ್‌ಗಳು. ಡೀಸೆಲ್‌ಗೆ ಡ್ರೈವರ್ ಮತ್ತು ಒಬ್ಬ ಸಹಾಯಕ ಸಾಕು.

ಹಾಗಾದರೆ ಉಗಿ ಎಂಜಿನ್ ಒಂದೇ ದಿನ ಯಾಕೆ ನಿಲ್ಲಲಿಲ್ಲ? ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ 1950ರಿಂದ 1972ರವರೆಗೆ 2,351 ಉಗಿ ಎಂಜಿನ್‌ಗಳನ್ನು ಕಟ್ಟಿತು. ಅಲ್ಲಿಯ ಕೊನೆಯ ಬ್ರಾಡ್ ಗೇಜ್ ಉಗಿ ಎಂಜಿನ್ 1970ರದ್ದು. ಅದಕ್ಕೆ ‘ಅಂತಿಮ್ ಸಿತಾರಾ’ ಎಂದು ಹೆಸರು, ಅಂದರೆ ಕೊನೆಯ ನಕ್ಷತ್ರ. ವಾರಾಣಸಿಯಲ್ಲಿ 1964ರಿಂದಲೇ ಡೀಸೆಲ್ ಎಂಜಿನ್ ತಯಾರಾಗುತ್ತಿತ್ತು. ಆದರೂ ಹಣ ಹಾಕಿ ಕಟ್ಟಿದ ಎಂಜಿನ್ ಗಟ್ಟಿಯಾಗಿತ್ತು, ಕಲ್ಲಿದ್ದಲು ನಮ್ಮ ದೇಶದ್ದೇ ಆಗಿತ್ತು. 1973ರಲ್ಲಿ ಕಚ್ಚಾ ತೈಲದ ಬೆಲೆ ಒಮ್ಮೆಲೇ ಏರಿತು. ಹಾಗಾಗಿ ಹಳೆಯ ಆಸ್ತಿಯನ್ನು ಇನ್ನೂ ಇಪ್ಪತ್ತು ವರ್ಷ ದುಡಿಸಿಕೊಂಡರು. ದೇಶದ ಬ್ರಾಡ್ ಗೇಜ್‌ನಲ್ಲಿ ಉಗಿಯ ನಿತ್ಯಸೇವೆ ನಿಂತದ್ದು 1995ರ ಡಿಸೆಂಬರಿನಲ್ಲಿ. ಮೈಸೂರಿನ ರೈಲು ವಸ್ತುಸಂಗ್ರಹಾಲಯ ಶುರುವಾದದ್ದು 1979ರಲ್ಲಿ. ಆಗ ಇನ್ನೂ ದಾದಾ ಹೊರಗೆ ಕಲ್ಲಿದ್ದಲು ಹಾಕುತ್ತಿದ್ದರು!

ಲೆಕ್ಕಕ್ಕೆ ಸಿಗದ ಸವಕಳಿ

ಕಳೆದ ಈದ್ ರಜೆಯಲ್ಲಿ ದಾದಾ ಅವರನ್ನು ಆ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. ಅವರು ಎಂಜಿನ್ ಹತ್ತಿ ಒಲೆಯ ಬಾಗಿಲು ಮುಟ್ಟಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ಅದುವರೆಗೆ ಕೇಳಿರದ ವಿಷಯ ಹೇಳಿದರು. ಉಗಿ ಹೋದಾಗ ಡೀಸೆಲ್ ತರಬೇತಿಗೆ ಸೇರುವ ಅವಕಾಶ ಅವರಿಗೂ ಇತ್ತಂತೆ. ದಾದಾ ಓದಿದ್ದು ಉರ್ದು ನಾಲ್ಕನೇ ತರಗತಿ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಲು ಬಾರದು ಎಂದು ಹೇಳಲು ನಾಚಿಕೆಯಾಗಿ, ‘ನನಗೆ ಬೇಡ’ ಎಂದುಬಿಟ್ಟರು. ನಿವೃತ್ತಿಯವರೆಗೆ ಶೆಡ್‌ನಲ್ಲಿ ಸಣ್ಣಪುಟ್ಟ ಕೆಲಸ ಮಾಡಿದರು. “ಎಂಜಿನ್ನೂ ಕೆಟ್ಟಿರಲಿಲ್ಲ, ನಾನೂ ಕೆಟ್ಟಿರಲಿಲ್ಲ” ಎಂದರು.

ಎಂಜಿನ್ನಿನ ಸವಕಳಿಯನ್ನು ಲಾಭ–ನಷ್ಟ ಖಾತೆಗೆ ಹಾಕಬಹುದು. ಮೂವತ್ತು ಮೈಲಿಯ ಪ್ರತಿ ಏರಿಳಿತವನ್ನು ಬಲ್ಲ ಮನುಷ್ಯನ ಕಸುಬು ಬಳಕೆ ತಪ್ಪಿದರೆ ಯಾವ ಖಾತೆಗೆ ಹಾಕುವುದು? ನಮ್ಮ ಪುಸ್ತಕದಲ್ಲಿ ನನಗೆ ಉತ್ತರ ಸಿಗಲಿಲ್ಲ.

ಈ ಪ್ರಶ್ನೆ ನಮ್ಮ ಮನೆಗೆ ಮತ್ತೆ ಬಂದಿದೆ. ಅಬ್ಬಾ ಡೀಸೆಲ್ ಪಂಪ್‌ಸೆಟ್, ಟಿಲ್ಲರ್ ರಿಪೇರಿ ಮಾಡುತ್ತಾರೆ. ಈಗ ರೈಲಿನಲ್ಲೇ ಡೀಸೆಲ್ ಹಿಂದೆ ಸರಿಯುತ್ತಿದೆ, ಬೆಂಗಳೂರು–ಮೈಸೂರು ಮಾರ್ಗಕ್ಕೆ ವಿದ್ಯುತ್ ತಂತಿ ಬಂದಿದೆ. ಹೊಲಗಳಿಗೆ ಸೋಲಾರ್ ಪಂಪ್ ಬರುತ್ತಿದೆ. ಅದರ ರಿಪೇರಿ ತರಬೇತಿಯ ಕಾಗದ ಬಂದಾಗ ಅಬ್ಬಾ “ನನಗೆ ಬೇಡ” ಎಂದು ಮಡಚಿಟ್ಟಿದ್ದರು. ಅದೇ ಮಾತು! ಮೈಸೂರಿನಿಂದ ಬಂದ ರಾತ್ರಿ ನಾನು ಆ ಕಾಗದ ತೆಗೆದು, “ಅಬ್ಬಾ, ನಾನು ಓದಿ ಹೇಳುತ್ತೇನೆ, ನೀವು ಕೇಳಿ” ಎಂದೆ. ಅವರು ಏನೂ ಹೇಳಲಿಲ್ಲ, ಆದರೆ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತರು. ದಿನಕ್ಕೆ ಎರಡು ಪುಟದಂತೆ ಓದುತ್ತಿದ್ದೇವೆ. ದಾದಾ ಮಂಚದಿಂದಲೇ ಕೇಳಿಸಿಕೊಳ್ಳುತ್ತಾರೆ.

ಗೆಳೆಯರೇ, ಪರೀಕ್ಷೆಯಲ್ಲಿ ನಾಲ್ಕನೇ ಕಾರಣಕ್ಕೆ ಉಗಿ ಎಂಜಿನ್ ಉದಾಹರಣೆ ಕೊಡಿ. ಆದರೆ ‘ಕೆಟ್ಟಿತು’ ಎಂದು ಬರೆಯಬೇಡಿ. ಅದಕ್ಕಿಂತ ಕಡಿಮೆ ಖರ್ಚಿನದು ಬಂತು ಎಂದು ಬರೆಯಿರಿ. ನಿಮ್ಮ ಮನೆಯಲ್ಲೂ ಯಾರಾದರೂ “ನನಗೆ ಬೇಡ” ಎಂದರೆ, ಅದು ನಿಜವಾಗಿ ಬೇಡವೋ, ಓದಿ ಹೇಳುವವರಿಲ್ಲವೋ ಎಂದು ಒಮ್ಮೆ ಕೇಳಿ ನೋಡಿ.