ಮಾರ್ಗದ ಗೆರೆ ಓದೋಣ

ಬೆಳ್ತಂಗಡಿ ಪೇಟೆಯ ನಡುವೆ ಒಂದು ದೊಡ್ಡ ಮಾರ್ಗ ಹೋಗುತ್ತದೆ. ಅದು ರಾಷ್ಟ್ರೀಯ ಹೆದ್ದಾರಿ 73. ಮೊದಲು ಇದರ ಸಂಖ್ಯೆ 234 ಇತ್ತು. ಹಳಬರು ಈಗಲೂ ಹಾಗೇ ಹೇಳುತ್ತಾರೆ.

ಮಂಗಳೂರಿನಿಂದ ಬಂದ ಮಾರ್ಗ ಬಿ.ಸಿ.ರೋಡಿನಲ್ಲಿ ಎರಡಾಗುತ್ತದೆ. ಒಂದು ಕಲ್ಲಡ್ಕ, ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಹತ್ತುತ್ತದೆ. ಅದು ಹೆದ್ದಾರಿ 75. ಇನ್ನೊಂದು ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ನಮ್ಮಲ್ಲಿಗೆ ಬರುತ್ತದೆ. ಮುಂದೆ ಉಜಿರೆ, ಮುಂಡಾಜೆ. ಆಮೇಲೆ ಚಾರ್ಮಾಡಿ ಘಾಟಿ.

ಈ ಮಾರ್ಗದಲ್ಲಿ ನೀವೂ ದಿನಾ ಹೋಗುತ್ತೀರಿ. ಬೀಡಿ ಕೊಡಲಿಕ್ಕೆ, ಡಿಪೋಗೆ ಹಾಲು ಹಾಕಲಿಕ್ಕೆ, ಸಂಘದ ಹಣ ಕಟ್ಟಲಿಕ್ಕೆ. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣ ಇಲ್ಲ. ಹಾಗಾಗಿ ಹೋಗಿಬರುವುದು ಹೆಚ್ಚಾಗಿದೆ. ಕೆಲವರು ಸ್ಕೂಟರ್ ಕಲಿತಿದ್ದೀರಿ. ಗಂಡನ, ಮಗನ ಬೈಕಿನ ಹಿಂದೆ ಕೂತು ಹೋಗುವವರಂತೂ ಮನೆಗೊಬ್ಬರು ಇದ್ದಾರೆ.

ಇಂಥ ಮಾರ್ಗದ ನಡುವೆ ಬಣ್ಣದ ಗೆರೆ ಎಳೆದಿರುತ್ತಾರೆ. ನೋಡಿದ್ದೀರಾ? ಅದು ಚಂದಕ್ಕೆ ಎಳೆದದ್ದಲ್ಲ. ಅದೂ ಒಂದು ಬರಹ. ನಾವು ಇಷ್ಟು ಅಕ್ಷರ ಕಲಿತೆವು, ಒತ್ತಕ್ಷರವನ್ನೂ ಕಲಿತೆವು. ಈ ಗೆರೆಯಲ್ಲಿ ಕಲಿಯಲಿಕ್ಕೆ ಇರುವುದು ಮೂರೋ ನಾಲ್ಕೋ.

ಗೆರೆ ತುಂಡು ತುಂಡಾಗಿ ಇದೆಯೇ? ಎದುರಿನಲ್ಲಿ ಮಾರ್ಗ ಖಾಲಿ ಇದ್ದರೆ, ಆ ಗೆರೆ ದಾಟಿ ಮುಂದಿನ ಗಾಡಿಯನ್ನು ಹಿಂದೆ ಹಾಕಬಹುದು. ಹೀಗೆ ಹಿಂದೆ ಹಾಕಿ ಹೋಗುವುದಕ್ಕೆ ಓವರ್‌ಟೇಕ್ ಎನ್ನುತ್ತೇವೆ.

ಗೆರೆ ಎಲ್ಲೂ ತುಂಡಾಗದೆ ಉದ್ದಕ್ಕೆ ಇದೆಯೇ? ಹಾಗಾದರೆ ಅದನ್ನು ದಾಟಿ ಓವರ್‌ಟೇಕ್ ಮಾಡಬಾರದು. ಬಿಳಿ ಇರಲಿ, ಹಳದಿ ಇರಲಿ, ಅರ್ಥ ಒಂದೇ. ಎರಡು ಉದ್ದ ಗೆರೆ ಒಟ್ಟೊಟ್ಟಿಗೆ ಇದ್ದರೆ ಎರಡು ಕಡೆಯವರೂ ದಾಟಬಾರದು.

ಕೆಲವು ಕಡೆ ಒಂದು ಉದ್ದ ಗೆರೆ, ಅದರ ಪಕ್ಕದಲ್ಲೇ ಒಂದು ತುಂಡು ಗೆರೆ ಇರುತ್ತದೆ. ಆಗ ನಿಮ್ಮ ಹತ್ತಿರದ ಗೆರೆ ಯಾವುದು ನೋಡಿ. ಹತ್ತಿರದ್ದು ತುಂಡು ಗೆರೆಯಾದರೆ ದಾಟಬಹುದು. ಹತ್ತಿರದ್ದು ಉದ್ದ ಗೆರೆಯಾದರೆ ದಾಟಬಾರದು.

ನಮ್ಮ ದೇಶದಲ್ಲಿ ಗಾಡಿಗಳು ಎಡಬದಿಯಲ್ಲಿ ಹೋಗಬೇಕು. ಓವರ್‌ಟೇಕ್ ಮಾಡುವಾಗ ಮುಂದಿನ ಗಾಡಿಯ ಬಲಬದಿಯಿಂದ ಹೋಗಬೇಕು. ಆಮೇಲೆ ಮತ್ತೆ ಎಡಕ್ಕೆ ಬರಬೇಕು. ಮುಂದಿನ ಗಾಡಿಯವರು ಬಲಕ್ಕೆ ತಿರುಗುತ್ತೇವೆಂದು ಸಿಗ್ನಲ್ ಹಾಕಿದ್ದರೆ ಮಾತ್ರ ಅವರ ಎಡಬದಿಯಿಂದ ಮುಂದೆ ಹೋಗಬಹುದು.

ಓವರ್‌ಟೇಕ್ ಮಾಡುವಷ್ಟು ಹೊತ್ತು ಗಾಡಿ ಎದುರಿನವರ ಜಾಗದಲ್ಲಿ ಇರುತ್ತದೆ. ಅದು ಎಷ್ಟು ದೊಡ್ಡ ವಿಷಯ ಎಂದು ಲೆಕ್ಕ ಹಾಕೋಣ.

ಒಂದು ಸೀರೆ ಸುಮಾರು ಐದೂವರೆ ಮೀಟರ್ ಉದ್ದ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ ಮೂರು ಸೀರೆಯಷ್ಟು ದೂರ ಹೋಗುತ್ತದೆ. ಒಂದು ಸೆಕೆಂಡ್ ಅಂದರೆ “ಒಂದು” ಎಂದು ಬಾಯಿಬಿಟ್ಟು ಹೇಳುವಷ್ಟು ಹೊತ್ತು. ಎದುರಿನಿಂದ ಲಾರಿಯೂ ಅದೇ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಅದೂ ಸೆಕೆಂಡಿಗೆ ಮೂರು ಸೀರೆ. ಅಂದರೆ ಅವೆರಡರ ನಡುವಿನ ದೂರ ಪ್ರತಿ ಸೆಕೆಂಡಿಗೆ ಆರು ಸೀರೆ ಕಡಿಮೆಯಾಗುತ್ತದೆ.

ಬಸ್ಸಿಗೆ ಓವರ್‌ಟೇಕ್ ಮಾಡಿ ಮುಗಿಸಲಿಕ್ಕೆ ಹತ್ತು ಸೆಕೆಂಡ್ ಬೇಕಾಯಿತು ಎಂದು ಇಟ್ಟುಕೊಳ್ಳೋಣ. ಅಷ್ಟರಲ್ಲಿ ಅರುವತ್ತು ಸೀರೆ ದೂರ ಮುಗಿಯಿತು. ಮೀಟರಿನಲ್ಲಿ ಹೇಳಿದರೆ 330. ಅಷ್ಟು ದೂರದವರೆಗೆ ಎದುರಿನ ಮಾರ್ಗ ಕಾಣಬೇಕು, ಖಾಲಿಯೂ ಇರಬೇಕು. ಸ್ವಲ್ಪ ಹೆಚ್ಚೇ ಕಾಣಬೇಕು.

ಈಗ ಚಾರ್ಮಾಡಿ ಘಾಟಿಯ ಒಂದು ತಿರುವನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ಎದುರಿನ ಮಾರ್ಗ ಎಷ್ಟು ಸೀರೆ ಕಾಣುತ್ತದೆ? ಕೆಲವು ಕಡೆ ಐದೂ ಕಾಣುವುದಿಲ್ಲ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ. ಮಳೆಗಾಲದಲ್ಲಿ ಮಂಜು ಬೇರೆ. 2019ರ ಆಗಸ್ಟ್ ತಿಂಗಳಲ್ಲಿ ಗುಡ್ಡ ಕುಸಿದು ಈ ಘಾಟಿಯೇ ಮುಚ್ಚಿತ್ತು.

ತಿರುವಿನಲ್ಲಿ ಓವರ್‌ಟೇಕ್ ಮಾಡಬಾರದು ಎಂದು ನಿಯಮ ಇರುವುದು ಇದಕ್ಕೇ. ಎದುರು ಕಾಣದ ಏರಿನ ತುದಿಯಲ್ಲಿ, ಕಿರಿದಾದ ಸೇತುವೆಯ ಮೇಲೆ, ಮಾರ್ಗಗಳು ಕೂಡುವ ಕಡೆ, ಜನ ಮಾರ್ಗ ದಾಟುವ ಪಟ್ಟೆಯ ಹತ್ತಿರ ಕೂಡ ಮಾಡಬಾರದು. ಗೆರೆ ಮಾಸಿ ಹೋಗಿದ್ದರೂ ಇದು ಬದಲಾಗುವುದಿಲ್ಲ. ನಮ್ಮ ಕಡೆ ಒಂದೆರಡು ಮಳೆಗೆ ಗೆರೆ ಮಾಸುವುದು ಹೊಸತಲ್ಲ.

ಘಾಟಿಗೆ ಇನ್ನೊಂದು ನಿಯಮ ಉಂಟು. ಎರಡು ಗಾಡಿ ಒಟ್ಟಿಗೆ ಹಿಡಿಯದಷ್ಟು ಮಾರ್ಗ ಕಿರಿದಾಗಿದ್ದರೆ, ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ಇಳಿಯುವ ಗಾಡಿ ನಿಲ್ಲಬೇಕು.

ಹಿಂದಿನ ಗಾಡಿ ನಮ್ಮನ್ನು ಓವರ್‌ಟೇಕ್ ಮಾಡುತ್ತಿದೆ. ಆಗ ನಾವೇನು ಮಾಡಬೇಕು? ನಮ್ಮ ವೇಗ ಹೆಚ್ಚಿಸಬಾರದು. ಕೆಲವರಿಗೆ ಹಿಂದಿನವನು ಮುಂದೆ ಹೋದರೆ ಮರ್ಯಾದೆ ಹೋದ ಹಾಗೆ. ಅವರೂ ಜೋರು ಬಿಡುತ್ತಾರೆ. ಹತ್ತು ಸೆಕೆಂಡಿನ ಕೆಲಸ ಆಗ ಇಪ್ಪತ್ತು ಸೆಕೆಂಡ್ ಆಗುತ್ತದೆ. ಎಷ್ಟು ಸೀರೆ ಆಯಿತು, ನೀವೇ ಹೇಳಿ. ಇದು ನಿಯಮಕ್ಕೂ ವಿರುದ್ಧ.

ಈಗ ಗಾಡಿ ಬಿಡದವರ ವಿಷಯ. ಇದನ್ನು ಎರಡು ಸಲ ಓದಿ.

ಶಾಲೆ ಬಿಟ್ಟ ಮಗು ಬಸ್ಸಿನಿಂದ ಇಳಿಯಿತು. ಮನೆ ಇರುವುದು ಮಾರ್ಗದ ಆಚೆ ಬದಿಯಲ್ಲಿ. ಬಸ್ಸು ಇನ್ನೂ ನಿಂತಿದೆ. ಮಗು ಬಸ್ಸಿನ ಎದುರಿನಿಂದಲೇ ಓಡುತ್ತದೆ. ಬಸ್ಸಿನ ಹಿಂದೆ ಒಂದು ಕಾರು ಬರುತ್ತಿದೆ. ನಿಂತ ಬಸ್ಸನ್ನು ಬಲಬದಿಯಿಂದ ಓವರ್‌ಟೇಕ್ ಮಾಡುತ್ತಿದೆ. ಕಾರಿನವನಿಗೆ ಮಗು ಕಾಣುವುದಿಲ್ಲ. ಮಗುವಿಗೆ ಕಾರು ಕಾಣುವುದಿಲ್ಲ. ನಡುವೆ ಬಸ್ಸು ಗೋಡೆಯ ಹಾಗೆ ನಿಂತಿದೆ.

ಬಸ್ಸಿನ ಹಿಂದಿನಿಂದ ದಾಟಿದರೂ ಅಪಾಯ ಇದೆ. ಎದುರಿನಿಂದ ಬರುವ ಗಾಡಿ ಆಗ ಕಾಣುವುದಿಲ್ಲ.

ಹಾಗಾದರೆ ಹೇಗೆ ದಾಟುವುದು? ಇಳಿದ ಮೇಲೆ ಅಲ್ಲೇ ಬದಿಯಲ್ಲಿ ನಿಲ್ಲಬೇಕು. ಬಸ್ಸು ಹೋಗಲಿ. ಎರಡು ಕಡೆಯೂ ಚೆನ್ನಾಗಿ ಕಾಣುವ ತನಕ ಕಾಯಬೇಕು. ಆಮೇಲೆ ಮಾರ್ಗ ಖಾಲಿ ಇದ್ದಾಗ ನಡೆದು ದಾಟಬೇಕು. ಒಂದು ನಿಮಿಷವೂ ಹಿಡಿಯುವುದಿಲ್ಲ. ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಸಾಲದು. ನಾಲ್ಕು ದಿನ ಒಟ್ಟಿಗೆ ಹೋಗಿ, ನಿಂತು, ಮಾಡಿ ತೋರಿಸಿ. ದೊಡ್ಡವರು ಬಸ್ಸಿನ ಎದುರಿನಿಂದ ಓಡಿದರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

ನಡೆದು ಹೋಗುವಾಗ ಕಾಲುದಾರಿ ಇಲ್ಲದಿದ್ದರೆ ಮಾರ್ಗದ ಬಲಬದಿಯಲ್ಲಿ ಹೋಗುವುದು ಒಳ್ಳೆಯದು. ಎದುರಿನಿಂದ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ. ಆದರೆ ಹಿಂದಿನಿಂದ ಓವರ್‌ಟೇಕ್ ಮಾಡುವ ಗಾಡಿ ಬರುವುದೂ ಆ ಬದಿಗೇ. ಆದ್ದರಿಂದ ಡಾಮರಿನ ಮೇಲೆ ಬೇಡ, ಮಣ್ಣಿನ ಅಂಚಿನಲ್ಲಿ ನಡೆಯಿರಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ದೂರದೂರಿನಿಂದ ಭಕ್ತರು ಚಾರ್ಮಾಡಿ ಇಳಿದು ನಡೆದು ಬರುತ್ತಾರೆ. ರಾತ್ರಿಯೂ ನಡೆಯುತ್ತಾರೆ. ರಾತ್ರಿ ಹೊತ್ತು ಬಿಳಿ ಬಟ್ಟೆ ಅಥವಾ ಕೈಯಲ್ಲಿ ಟಾರ್ಚ್ ಇದ್ದರೆ ಡ್ರೈವರಿಗೆ ದೂರದಿಂದಲೇ ಜನ ಕಾಣುತ್ತಾರೆ.

ಮಂಗಳೂರಿಗೆ ಹೋದವರು ನಾಲ್ಕು ಪಥದ ಹೆದ್ದಾರಿ ನೋಡಿರುತ್ತೀರಿ. ಪಥ ಎಂದರೆ ಒಂದು ಗಾಡಿಯ ಸಾಲು ಹೋಗುವಷ್ಟು ಜಾಗ. ಅದಕ್ಕೇ ಲೇನ್ ಎನ್ನುತ್ತಾರೆ. ನಡುವೆ ಕಟ್ಟೆ ಇದೆ. ಹೋಗಲಿಕ್ಕೆ ಎರಡು ಪಥ, ಬರಲಿಕ್ಕೆ ಎರಡು ಪಥ. ಮೂಡುಬಿದಿರೆ ಕಡೆಯ ಹೆದ್ದಾರಿ 169ನ್ನೂ ಹೀಗೆಯೇ ಅಗಲ ಮಾಡುವ ಕೆಲಸ ನಡೆದಿದೆ.

ಅಲ್ಲಿ ಎಡಗಡೆಯ ಪಥ ಹೋಗಲಿಕ್ಕೆ. ಬಲಗಡೆಯ ಪಥ ಓವರ್‌ಟೇಕ್ ಮಾಡಲಿಕ್ಕೆ. ಮಾಡಿ ಆದ ಮೇಲೆ ಪುನಃ ಎಡಕ್ಕೆ ಬರಬೇಕು. ಆದರೆ ನಿಧಾನ ಹೋಗುವ ಲಾರಿಗಳೇ ಎಷ್ಟೋ ಸಲ ಬಲಕ್ಕೆ ಅಂಟಿಕೊಂಡು ಹೋಗುತ್ತವೆ. ಹಿಂದಿನವರು ಕಾದು ಕಾದು ಎಡಕ್ಕೆ ನುಗ್ಗುತ್ತಾರೆ. ಎಡದಲ್ಲಿ ಸ್ಕೂಟರಿನವರು ಇರುತ್ತಾರೆ. ನಿಮ್ಮ ಸ್ಕೂಟರ್ ಇದ್ದರೆ ಎಡ ಪಥದಲ್ಲಿ ಒಂದೇ ಸಾಲಿನಲ್ಲಿ ಹೋಗಿ. ಕನ್ನಡಿ ನೋಡದೆ, ಸಿಗ್ನಲ್ ಹಾಕದೆ ಪಕ್ಕಕ್ಕೆ ಸರಿಯಬೇಡಿ.

“ಸುತ್ತಿ ಬರುವುದು ಯಾಕೆ, ಇಷ್ಟೇ ದೂರ ಅಲ್ವಾ?” ಎಂದು ಎದುರು ದಿಕ್ಕಿನಲ್ಲಿ ಸ್ಕೂಟರ್ ಬಿಡುವವರೂ ಇದ್ದಾರೆ. ಅದು ತಪ್ಪು. ಜೋರಾಗಿ ಬರುವವರು ಆ ಕಡೆಯಿಂದ ಗಾಡಿ ಬರುತ್ತದೆ ಎಂದು ಯೋಚಿಸಿಯೇ ಇರುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿ ಇನ್ನೂ ದೊಡ್ಡದು. ಅದರ ಉದ್ಘಾಟನೆ ಆದದ್ದು 2023ರ ಮಾರ್ಚ್‌ನಲ್ಲಿ. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಮಾರ್ಗದಲ್ಲಿ ಬೈಕ್, ಸ್ಕೂಟರ್, ಆಟೋ, ಟ್ರ್ಯಾಕ್ಟರ್ ಹೋಗಬಾರದು ಎಂದು ಮಾಡಿದರು. ಅವರಿಗೆ ಪಕ್ಕದ ಸರ್ವಿಸ್ ರಸ್ತೆ ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೆ ಬೈಕ್ ಇದ್ದರೆ ಈ ವಿಷಯ ಕೇಳಿ ನೋಡಿ.

ತಪ್ಪಾಗಿ ಓವರ್‌ಟೇಕ್ ಮಾಡಿದರೆ ಏನು ಶಿಕ್ಷೆ? 2019ರಲ್ಲಿ ಮೋಟಾರು ವಾಹನ ಕಾಯ್ದೆಯನ್ನು ತಿದ್ದಿದರು. ಜನರಿಗೆ ಅಪಾಯ ಆಗುವ ಹಾಗೆ ನಿಯಮ ಮೀರಿ ಓವರ್‌ಟೇಕ್ ಮಾಡುವುದು, ಎದುರು ದಿಕ್ಕಿನಲ್ಲಿ ಗಾಡಿ ಬಿಡುವುದು ಅಪಾಯಕಾರಿ ಚಾಲನೆ ಎಂದು ಅದರಲ್ಲಿ ಬರೆದಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು. ಎರಡೂ ಆಗಬಹುದು.

ಬಸ್ಸಿನಲ್ಲಿ ಕೂತವರಿಗೆ ಇದೆಲ್ಲ ಯಾಕೆ ಎಂದು ಕೇಳಬಹುದು. ಹಿಂದಿನ ಬಸ್ಸು ಬಂತೆಂದು ಡ್ರೈವರ್ ತಿರುವಿನಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡಲು ಹೊರಡುತ್ತಾನೆ. ನಾವು ಎದುರಿನ ಸೀಟಿನ ಕಂಬಿ ಹಿಡಿದು ದೇವರನ್ನು ನೆನೆಯುತ್ತೇವೆ. ಬಾಯಿ ಬಿಡುವುದಿಲ್ಲ. “ಹೆಂಗಸರಿಗೆ ಗಾಡಿ ವಿಷಯ ಏನು ಗೊತ್ತು” ಎಂದಾರು ಎಂಬ ಹೆದರಿಕೆ. ಈಗ ಗೊತ್ತಲ್ಲ!

“ಡ್ರೈವರಣ್ಣ, ಇಲ್ಲಿ ಉದ್ದ ಗೆರೆ ಉಂಟು. ಎದುರು ಕಾಣುವುದಿಲ್ಲ. ನಮಗೆ ಐದು ನಿಮಿಷ ತಡ ಆದರೂ ಅಡ್ಡಿ ಇಲ್ಲ ಮಾರಾಯ್ರೇ.”

ಹೀಗೆ ಒಬ್ಬರು ಹೇಳಿದರೆ ಡ್ರೈವರ್ ಕೇಳದೆ ಇರಬಹುದು. ನಾಲ್ಕು ಸೀಟಿನವರು ಹೇಳಿದರೆ ಕೇಳುತ್ತಾನೆ. ಆಗಲೂ ಕೇಳದಿದ್ದರೆ ಇಳಿಯುವಾಗ ಬಸ್ಸಿನ ನಂಬರ್ ನೋಡಿ ಬರೆದುಕೊಳ್ಳಿ. ದಿನ, ಹೊತ್ತು, ಜಾಗ ಬರೆಯಿರಿ. ಅದನ್ನು ಪೊಲೀಸ್ ಠಾಣೆಗೆ ಕೊಡಬಹುದು. ತುರ್ತು ಇದ್ದರೆ 112ಕ್ಕೆ ಫೋನ್ ಮಾಡಬಹುದು. ಬೈಕಿನ ಹಿಂದೆ ಕೂತಾಗಲೂ ಹೇಳಿ. ಹೆಲ್ಮೆಟ್ ಹಿಂದೆ ಕೂತವರಿಗೂ ಕಡ್ಡಾಯ. ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಕಟ್ಟಿಕೊಳ್ಳಿ.

ಎಲ್ಲಾದರೂ ಅಪಘಾತ ಕಂಡರೆ ಆಂಬುಲೆನ್ಸಿಗೆ 108 ಒತ್ತಿ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ ಎಂದು 2019ರ ತಿದ್ದುಪಡಿಯಲ್ಲಿದೆ. ಹೆಸರು ಹೇಳಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ.

ಮಾತಾಡೋಣ, ಬರೆಯೋಣ

ನಿಮ್ಮ ಮನೆಗೆ ಹತ್ತಿರದ ಬಸ್ ನಿಲ್ದಾಣದ ಎದುರು ಮಾರ್ಗದಲ್ಲಿ ಯಾವ ಗೆರೆ ಇದೆ? ನಾಳೆ ನೋಡಿ ಬಂದು ಚಿತ್ರ ಬರೆಯಿರಿ.

ಅಲ್ಲಿ ನಿಂತು ನೋಡಿದರೆ ಎರಡು ಕಡೆಗೂ ಎಷ್ಟು ಸೀರೆ ದೂರ ಮಾರ್ಗ ಕಾಣುತ್ತದೆ?

ಗೆರೆ ಮಾಸಿದ್ದರೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಹೆದ್ದಾರಿಯವರಿಗೆ ತಿಳಿಸಬೇಕೆಂದು ಅದರಲ್ಲಿ ಕೇಳಿ. ಕೆಳಗೆ ಎಲ್ಲರೂ ನಿಮ್ಮ ಕೈಯಿಂದಲೇ ಸಹಿ ಹಾಕಿ.