ಡಬ್ಬಿ ಓದಬೇಡಿ, ಕಿವಿಗೆ ಹಾಕಿ ನೋಡಿ

ಇಟ್ಟಿಗಿಯ ನನ್ನ ಮೊಬೈಲ್ ಅಂಗಡಿಗೆ ಹೊಸದಾಗಿ ಹೆಡ್‌ಫೋನ್ ಕೊಳ್ಳಲು ಬರುವವರು ಮೊದಲು ಕೇಳುವುದು, "ಅಣ್ಣಾ, ಬೇಸ್ ಚಲೋ ಐತೇನು?" ಆಮೇಲೆ ರೇಟು. ಅವೆರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಅಂತ ಹೇಳುವುದು ನನ್ನ ರೂಢಿ.

1. ಎಲ್ಲಿ ಕೇಳುತ್ತೀರಿ?
ಬೆಳಗಿನ ಜಾವ ಮಲ್ಲಿಗೆ ಮೊಗ್ಗು ಬಿಡಿಸುವವರಿಗೆ ವೈರು ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ. ಬಿಡಿ ಬಡ್ಸ್ ಬುಡಕ್ಕೆ ಬಿದ್ದರೆ ಹುಡುಕುವುದರಲ್ಲೇ ಬಿಸಿಲೇರುತ್ತದೆ. ಅವರಿಗೆ ನೆಕ್‌ಬ್ಯಾಂಡ್ ಸರಿ. ಕಿವಿಯಿಂದ ಜಾರಿದರೂ ಕುತ್ತಿಗೆಯಲ್ಲೇ ಇರುತ್ತದೆ. ಪೊಲೀಸ್, ಪಿಡಿಓ ಪರೀಕ್ಷೆಗೆ ಗಂಟೆಗಟ್ಟಲೆ ಪಾಠ ಕೇಳುವ ಹುಡುಗರಿಗೆ ಕಿವಿಯನ್ನು ಪೂರ್ತಿ ಸುತ್ತುವರಿಯುವ ದೊಡ್ಡ ಮೆತ್ತೆಯದು ಹಿತ. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ರೆಕ್ಸಿನ್ ಮೆತ್ತೆಯೊಳಗೆ ಕಿವಿ ಬೇಯುತ್ತದೆ. ಬಟ್ಟೆಯ ಮೆತ್ತೆ ಸಿಕ್ಕರೆ ಅದನ್ನೇ ತಗೊಳ್ಳಿ.

2. ಬೇಸ್ ಇರುವುದು ರಬ್ಬರಿನಲ್ಲಿ
ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಜೊತೆ ಸಾಮಾನ್ಯವಾಗಿ ಸಣ್ಣ, ನಡು, ದೊಡ್ಡ ಅಳತೆಯ ಮೂರು ಜೊತೆ ರಬ್ಬರ್ ಟಿಪ್ ಬರುತ್ತವೆ. ಬಹಳ ಮಂದಿ ಹಾಕಿಬಂದದ್ದನ್ನೇ ಬಳಸಿ, ಉಳಿದವನ್ನು ಡಬ್ಬಿ ಸಮೇತ ಬಿಸಾಕುತ್ತಾರೆ. ಕಿವಿಯ ತೂತು ಸರಿಯಾಗಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ತಗ್ಗಿನ ಸ್ವರವೇ. ಬೇಸ್ ಇಲ್ಲ ಅಂತ ಜಗಳಕ್ಕೆ ಬಂದವರಿಗೆ ಒಂದಳತೆ ದೊಡ್ಡ ಟಿಪ್ ಹಾಕಿ, ಕಿವಿಯ ಮೇಲಂಚನ್ನು ತುಸು ಮೇಲಕ್ಕೆ, ಹಿಂದಕ್ಕೆ ಎಳೆದು ಕೂರಿಸಿಕೊಳ್ಳಲು ಹೇಳುತ್ತೇನೆ. ಹೆಚ್ಚಿನವರು ಅದನ್ನೇ ತಿರುಗಿ ಒಯ್ಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಅಳತೆ ಬೇಕಾಗುವವರೂ ಇದ್ದಾರೆ, ಅದಕ್ಕೆ ಗಾಬರಿ ಬೇಡ.

ಪರೀಕ್ಷೆ ಮಾಡುವಾಗ ನಿಮ್ಮದೇ ಫೋನು, ನಿಮಗೆ ಬಾಯಿಪಾಠವಾದ ಹಾಡು ಇರಲಿ. ಅಂಗಡಿಯವನು ಹಾಕುವ ಡೆಮೊ ಹಾಡು ಯಾವ ಹೆಡ್‌ಫೋನಿನಲ್ಲೂ ಚೆಂದವೇ ಕೇಳುತ್ತದೆ. ನಾನೂ ಅಂಗಡಿಯವನೇ, ಬಲ್ಲೆ. ನಾನು ಹಾಕಿ ತೋರಿಸುವುದು ಸಮಾಳ ವಾದ್ಯದ ಬಡಿತ. ಕೊಟ್ಟೂರಿನ ತೇರಿಗೆ ಹೋಗಿಬಂದವರಿಗೆ ಅದರ ನಿಜವಾದ ಸದ್ದು ಗೊತ್ತು. ಏಟು ಬಿದ್ದು ಅಲ್ಲೇ ನಿಲ್ಲಬೇಕು. ಗುಂಯ್ ಅಂತ ಎಳೆದುಕೊಂಡು ಹೋಗಿ ಮುಂದಿನ ಏಟನ್ನೂ ನುಂಗಿದರೆ ಆ ಮಾಲು ಬಿಡಿ. ಆಮೇಲೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಒಂದು ವಚನ. ಅಕ್ಷರ ಒಡೆದು ಕೇಳಬೇಕು, 'ಸ', 'ಶ' ಬಂದಾಗ ಕಿವಿ ಚುಚ್ಚಬಾರದು.

3. ಅಂಕಿ ನೋಡಿ ಮರುಳಾಗಬೇಡಿ
20ರಿಂದ 20,000 ಹರ್ಟ್ಜ್ ಅಂತ ಅಗ್ಗದ ಡಬ್ಬಿಯ ಮೇಲೂ ಇರುತ್ತದೆ. ಅದು ಮನುಷ್ಯನ ಕಿವಿ ಕೇಳಬಲ್ಲ ಮಿತಿ. ಆ ಹರವಿನಲ್ಲಿ ಯಾವ ಸ್ವರ ಉಬ್ಬಿದೆ, ಯಾವುದು ಕುಗ್ಗಿದೆ ಅನ್ನುವುದನ್ನು ಡಬ್ಬಿ ಹೇಳುವುದಿಲ್ಲ. 13 ಮಿ.ಮೀ. ಡ್ರೈವರ್ 10ಕ್ಕಿಂತ ಮೇಲು ಅನ್ನುವುದೂ ಬರೀ ಮಾತು. ವೈರಿನದಾದರೆ ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ, ಮಾತ್ರ ನೋಡಿ: 16, 32 ಇದ್ದರೆ ಫೋನಿಗೆ ಸಾಕು. ಸ್ಟುಡಿಯೋದ 250 ಓಮ್‌ನದನ್ನು ಫೋನಿಗೆ ಚುಚ್ಚಿದರೆ ಸದ್ದು ಕ್ಷೀಣ.

4. ಎಎನ್‌ಸಿ ಬೇರೆ, ಇಎನ್‌ಸಿ ಬೇರೆ
ಮೋಸ ಹೋಗುವವರು ಹೆಚ್ಚು ಇಲ್ಲೇ. ಎಎನ್‌ಸಿ ಇದ್ದರೆ ಹೊರಗಿನ ಗದ್ದಲ ನಿಮಗೆ ಕಡಿಮೆಯಾಗುತ್ತದೆ. ಇಎನ್‌ಸಿ ಮೈಕಿನ ಸಂಗತಿ. ನೀವು ಫೋನಿನಲ್ಲಿ ಮಾತಾಡುವಾಗ ಆಚೆಯವರಿಗೆ ನಿಮ್ಮ ಸುತ್ತಲ ಗಲಾಟೆ ಕೇಳದಂತೆ ಮಾಡುತ್ತದೆ, ನಿಮ್ಮ ಕಿವಿಗೆ ಅದರಿಂದ ಏನೂ ಇಲ್ಲ. ಎಎನ್‌ಸಿ ಕೂಡ ಹೊಸಪೇಟೆ ಬಸ್ಸಿನ ಎಂಜಿನ್ನಿನಂಥ ಒಂದೇ ಸಮನೆಯ ಗುರ್ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ. ಹಿಂದಿನ ಸೀಟಿನವರ ಹರಟೆಯನ್ನು ಅಷ್ಟಾಗಿ ತಡೆಯಲಾರದು.

5. ವೈರಿನ ಕಾಲ ಮುಗಿದಿಲ್ಲ
ಫೋನಿನಲ್ಲಿ ಎಫ್‌ಎಂ ಇದ್ದರೆ ಸಾಮಾನ್ಯವಾಗಿ ಹೆಡ್‌ಫೋನ್ ವೈರೇ ಅದರ ಆಂಟೆನಾ. ಹೊಸಪೇಟೆ ಆಕಾಶವಾಣಿ ಕೇಳುವ ಹಿರಿಯರಿಗೆ ಬ್ಲೂಟೂತ್ ಮಾರಿ ಪ್ರಯೋಜನವಿಲ್ಲ. ಹಾಡಿ ರೆಕಾರ್ಡ್ ಮಾಡುವ ಭಜನೆ ಮಂಡಳಿಯ ಹುಡುಗರಿಗೂ ವೈರೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ಒಂದು ಗಳಿಗೆ ತಡವಾಗಿ ಬಂದು ತಾಳ ತಪ್ಪಿಸುತ್ತದೆ. ಟೈಪ್-ಸಿ ಪಿನ್ನಿನದು ಕೊಳ್ಳುವಾಗ ಎಚ್ಚರ: ಕೆಲವು ಫೋನು ಆ ತೂತಿನಿಂದ ನೇರ ಸದ್ದು ಕೊಡುತ್ತವೆ, ಕೆಲವಕ್ಕೆ ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತವಾಗಿ ಬದಲಿಸುವಂಥದು) ಇರುವ ಹೆಡ್‌ಫೋನೇ ಆಗಬೇಕು. ಚುಚ್ಚಿ ನೋಡದೆ ರೊಕ್ಕ ಕೊಡಬೇಡಿ.

6. ಸದ್ದಿಗೂ ಲೆಕ್ಕ ಇದೆ
ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ಬರೀ 4 ಗಂಟೆ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬೆಲ್. ಬಸ್ಸಿನ ಗದ್ದಲ ಮೀರಿಸಲು ವಾಲ್ಯೂಮ್ ಕಡ್ಡಿ ತುದಿಗೆ ಒಯ್ಯುವವರಿಗೆ ಸರಿಯಾದ ಅಳತೆಯ ಟಿಪ್ ಇಲ್ಲೂ ಕೈಹಿಡಿಯುತ್ತದೆ: ಹೊರಗಿನ ಸದ್ದು ನಿಂತರೆ ಒಳಗಿನದನ್ನು ಇಳಿಸಬಹುದು. "ರಾತ್ರಿ ಕಿವ್ಯಾಗ ಕುಂಯ್ ಅಂತೈತಿ, ಬ್ಯಾರೆ ಕಂಪನಿದು ಕೊಡಣ್ಣಾ" ಅಂತ ಬಂದವರಿಗೆ ನಾನು ಏನನ್ನೂ ಮಾರುವುದಿಲ್ಲ, ಕಿವಿ ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ.