ಲೆಕ್ಕ ಕೈಕೊಟ್ಟಾಗ ಯಾರನ್ನು, ಹೇಗೆ ಕೇಳಬೇಕು?

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದವರು ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಇಂಟರ್ನಲ್ಸ್‌ನಲ್ಲಿ ಪಾಸಾಗಲು ತಿಣುಕುವುದು ನಮ್ಮ ಪದವಿ ಕಾಲೇಜುಗಳಲ್ಲಿ ಅಪರೂಪವೇನಲ್ಲ. ಪಾಠದ ಓಟ ಜೋರಾಗಿರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಿಯುಸಿಯಲ್ಲಿ ಎದುರಾದ ಇಂಗ್ಲಿಷಿನ ತೊಡಕು ಇನ್ನೂ ಬಗೆಹರಿದಿರುವುದಿಲ್ಲ. ‘ನನಗೆ ತಲೆಯೇ ಇಲ್ಲ’ ಎಂದು ಒಳಗೊಳಗೇ ಕೊರಗುವವರು ಹೆಚ್ಚು, ಎದ್ದು ಹೋಗಿ ಕೇಳುವವರು ಕಡಿಮೆ. ಕೇಳುವುದಕ್ಕೂ ಒಂದು ಕ್ರಮವಿದೆ. ಮೊದಲ ಇಂಟರ್ನಲ್ಸ್‌ಗೆ ಮುಂಚೆಯೇ ಅದನ್ನು ರೂಢಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

1. ಎಡವಿದ ಸಾಲನ್ನು ಗುರುತಿಸಿ

ಬಿಡಿಸಲಾಗದ ಹತ್ತು ಲೆಕ್ಕಗಳನ್ನು ಮುಂದಿಟ್ಟುಕೊಂಡು, ಕೈ ನಿಂತ ಸಾಲಿನ ಕೆಳಗೆ ಗೆರೆ ಎಳೆಯಿರಿ. ತೊಡಕು ಹಳೆಯ ಪಾಠದ್ದೋ, ಹೊಸ ಪಾಠದ್ದೋ, ಇಂಗ್ಲಿಷಿನದ್ದೋ ಎಂದು ಪಕ್ಕದಲ್ಲಿ ಬರೆಯಿರಿ. ಕ್ಯಾಲ್ಕುಲಸ್ ಬರುವುದಿಲ್ಲ ಎನ್ನುವ ಎಷ್ಟೋ ಮಂದಿಯ ತಪ್ಪು ಹೈಸ್ಕೂಲಿನ ಬೀಜಗಣಿತದಲ್ಲಿ ಇರುತ್ತದೆ. ಎರಡು ವರ್ಗಗಳ ಮೊತ್ತಕ್ಕೆ ವರ್ಗಮೂಲ ತೆಗೆಯುವಾಗ ಆ ಎರಡು ಸಂಖ್ಯೆಗಳನ್ನು ಸುಮ್ಮನೆ ಕೂಡಿಸಿಬಿಡುವುದು ಅಂಥದೊಂದು ಮಾಮೂಲಿ ತಪ್ಪು. 3 ಮತ್ತು 4 ಹಾಕಿ ನೋಡಿ: 9ಕ್ಕೆ 16 ಸೇರಿಸಿದರೆ 25, ಅದರ ವರ್ಗಮೂಲ 5. ಉತ್ತರ 7 ಆಗುವುದಿಲ್ಲ. ಇಂಥ ಬಿರುಕುಗಳನ್ನು ಮುಚ್ಚಲು ಹತ್ತನೇ ತರಗತಿಯ ಪುಸ್ತಕ ತೆರೆಯಬೇಕಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

2. ಪದಗಳಿಗೊಂದು ನೋಟ್‌ಬುಕ್ ಇಡಿ

ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪಾರಿಭಾಷಿಕ ಪದ, ನೀವು ಮೊದಲೇ ಓದಿದ ಕನ್ನಡ ಪದ, ಒಂದು ಪುಟ್ಟ ಉದಾಹರಣೆ: ಹೀಗೆ ಮೂರು ಕಾಲಂ ಸಾಕು. ಅಕ್ಸಲರೇಶನ್ ಅಂದರೆ ಹೈಸ್ಕೂಲಿನಲ್ಲಿ ಓದಿದ ವೇಗೋತ್ಕರ್ಷವೇ ಎಂದು ತಿಳಿದ ಮೇಲೆ ಪಾಠ ಅಪರಿಚಿತ ಅನ್ನಿಸುವುದಿಲ್ಲ.

3. ಪ್ರಯತ್ನಿಸಿದ ಹಾಳೆಯೊಂದಿಗೆ ಅಧ್ಯಾಪಕರ ಬಳಿ ಹೋಗಿ

‘ಸರ್, ಈ ಚಾಪ್ಟರ್ ಅರ್ಥ ಆಗಿಲ್ಲ’ ಎಂದರೆ ಅಧ್ಯಾಪಕರೂ ಎಲ್ಲಿಂದ ಶುರು ಮಾಡುವುದು ತಿಳಿಯದೆ ‘ಇನ್ನೊಮ್ಮೆ ಓದಿಕೊಂಡು ಬಾ’ ಎನ್ನುತ್ತಾರೆ. ಅದರ ಬದಲು, ‘ಎಕ್ಸ್ ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡುತ್ತಿದ್ದೆ. ಬೈ ಪಾರ್ಟ್ಸ್‌ನಲ್ಲಿ ಕಾಸ್ ಎಕ್ಸ್ ಅನ್ನು ಮೊದಲ ಫಂಕ್ಷನ್ ಎಂದು ತೆಗೆದುಕೊಂಡೆ. ಎಕ್ಸ್ ಸ್ಕ್ವೇರ್ ಬಂದು ಲೆಕ್ಕ ಇನ್ನೂ ಬೆಳೆಯಿತು. ಎಲ್ಲಿ ತಪ್ಪಿದೆ?’ ಎಂದು ಕೇಳಿ. ‘ಎಕ್ಸ್ ಅನ್ನು ಮೊದಲು ಇಟ್ಟುಕೋ, ಡಿಫರೆನ್ಷಿಯೇಟ್ ಮಾಡಿದರೆ ಅದು ಬರೀ 1 ಆಗುತ್ತದೆ’ ಎಂಬ ಉತ್ತರ ಎರಡೇ ನಿಮಿಷದಲ್ಲಿ ಸಿಗುತ್ತದೆ. ಆ ಒಂದು ಮಾತಿನಿಂದ ಅದೇ ಜಾತಿಯ ಹತ್ತು ಲೆಕ್ಕ ಬಿಡಿಸಬಹುದು. ತರಗತಿಯಲ್ಲಿ ಕೇಳಲು ಮುಜುಗರವಾದರೆ ಸ್ಟಾಫ್‌ರೂಮಿಗೆ ಹೋಗಿ.

4. ನಾಲ್ಕು ಜನ ಸೇರಿ ಓದಿ

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಗಣಿತಜ್ಞ ಯೂರಿ ಟ್ರೈಸ್ಮನ್, ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬಿದ್ದ ಕಪ್ಪು ವಿದ್ಯಾರ್ಥಿಗಳನ್ನು ಹತ್ತಿರದಿಂದ ಗಮನಿಸಿದರು. ಅವರಲ್ಲಿ ಶ್ರಮಕ್ಕೇನೂ ಕೊರತೆ ಇರಲಿಲ್ಲ, ಆದರೆ ಹೆಚ್ಚಿನವರು ಒಂಟಿಯಾಗಿ ಓದುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಪರಸ್ಪರ ಲೆಕ್ಕ ತಿದ್ದಿಕೊಳ್ಳುತ್ತಿದ್ದರು. ಟ್ರೈಸ್ಮನ್ ಗುಂಪು ಕಟ್ಟಿಸಿ, ಸುಲಭದ ಲೆಕ್ಕಗಳ ಬದಲು ಕಠಿಣ ಲೆಕ್ಕಗಳನ್ನೇ ಕೊಟ್ಟರು. ಫಲಿತಾಂಶ ಸುಧಾರಿಸಿತು.

ನಮ್ಮ ಹಾಸ್ಟೆಲುಗಳಲ್ಲೂ ಇದು ಕಷ್ಟವಲ್ಲ. ಪ್ರತಿಯೊಬ್ಬರೂ ಮೊದಲು ತಾವೇ ಪ್ರಯತ್ನಿಸಿ ಬರಬೇಕು, ಲೆಕ್ಕ ಬಂದವರು ಬೋರ್ಡಿನ ಮುಂದೆ ವಿವರಿಸಬೇಕು, ಉತ್ತರ ನಕಲು ಮಾಡುವಂತಿಲ್ಲ. ಈ ಮೂರು ನಿಯಮ ಇಲ್ಲದಿದ್ದರೆ ಓದು ಹರಟೆಯಲ್ಲಿ ಮುಗಿಯುತ್ತದೆ.

5. ಉಚಿತ ಪಾಠಗಳನ್ನು ಪೆನ್ನು ಹಿಡಿದು ನೋಡಿ

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಸಿಗುತ್ತವೆ. ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಲೀನಿಯರ್ ಆಲ್ಜಿಬ್ರಾಕ್ಕೆ ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಉಪನ್ಯಾಸಗಳೂ ಇವೆ. ಲೆಕ್ಕ ಶುರುವಾದ ಕೂಡಲೇ ವಿಡಿಯೊ ನಿಲ್ಲಿಸಿ, ನೀವೇ ಬಿಡಿಸಿ, ಆಮೇಲೆ ಹೋಲಿಸಿ.

6. ಫೇಲಾದರೆ ಮುಚ್ಚಿಡಬೇಡಿ

ಮೊದಲು ಉತ್ತರಪತ್ರಿಕೆಯ ಫೋಟೊಕಾಪಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕೊನೆಯ ದಿನ ಯಾವುದೆಂದು ಕಾಲೇಜು ಕಚೇರಿಯಲ್ಲಿ ಕೇಳಿ. ಆ ವಿಷಯವನ್ನು ಮತ್ತೆ ಬರೆಯುವ ದಿನದವರೆಗೆ ವಾರದ ಯೋಜನೆ ಹಾಕಿಕೊಳ್ಳಿ. ಮನೆಯವರಿಗೆ ಹೇಳುವಾಗ ಈ ಯೋಜನೆಯನ್ನೂ ಹೇಳಿ. ‘ಫೇಲಾಗಿದೆ, ಇಂಥ ತಿಂಗಳು ಮತ್ತೆ ಬರೆಯುತ್ತೇನೆ’ ಎಂದರೆ ಅಪ್ಪ-ಅಮ್ಮನ ಆತಂಕವೂ ಕಡಿಮೆಯಾಗುತ್ತದೆ.

7. ಮನಸ್ಸು ಕುಸಿದರೆ ಅದನ್ನೂ ಹೇಳಿ

ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಇಷ್ಟದ ಆಟ-ಪಾಟವೂ ಬೇಡವಾಗಿದ್ದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕಬೇಡಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ನಿರ್ದೇಶಿಸಿದೆ. ನಿಮ್ಮ ಕಾಲೇಜಿನಲ್ಲಿ ಅವರು ಯಾರು, ಎಲ್ಲಿ ಸಿಗುತ್ತಾರೆ ಎಂದು ಪ್ರಾಂಶುಪಾಲರನ್ನು ಕೇಳುವುದು ನಿಮ್ಮ ಹಕ್ಕು.

ಕಾಲೇಜಿನಲ್ಲಿ ಹೇಳಿಕೊಳ್ಳಲು ಹಿಂಜರಿಕೆಯಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸ್ನೇಹಿತರು ‘ಬದುಕೇ ಬೇಡ’ ಎಂದರೆ ತಮಾಷೆ ಎಂದುಕೊಳ್ಳಬೇಡಿ, ಬುದ್ಧಿವಾದಕ್ಕೂ ಇಳಿಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ವಾರ್ಡನ್‌ಗೋ ಮನೆಯವರಿಗೋ ತಕ್ಷಣ ತಿಳಿಸಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ‘ಯಾರಿಗೂ ಹೇಳಬೇಡ’ ಎಂದು ಮಾತು ತೆಗೆದುಕೊಂಡಿದ್ದರೂ ಈ ಗುಟ್ಟನ್ನು ಕಾಪಾಡುವಂತಿಲ್ಲ.

ಪೋಷಕರಿಗೂ ಒಂದು ಮಾತು. ಮಕ್ಕಳು ರಜೆಗೆ ಬಂದಾಗ ‘ಎಷ್ಟು ಬಂತು?’ ಎನ್ನುವ ಮೊದಲು ‘ಯಾವುದು ಕಷ್ಟ ಆಗ್ತಿದೆ?’ ಎಂದು ಕೇಳಿ. ವಿದ್ಯಾರ್ಥಿಗಳೇ, ಈ ವಾರ ಒಂದೇ ಒಂದು ಕೆಲಸ ಮಾಡಿ: ಬಿಡಿಸಲಾಗದ ಲೆಕ್ಕವೊಂದನ್ನು ಎಡವಿದ ಸಾಲಿನವರೆಗೆ ಬರೆದುಕೊಂಡು ಸ್ಟಾಫ್‌ರೂಮಿಗೆ ಹೋಗಿ. ಮುಂದಿನ ಸಲ ಹೋಗಲು ಇಷ್ಟು ಹಿಂಜರಿಕೆ ಇರುವುದಿಲ್ಲ.